ಗುರುವಾರದ ಮರುಪರೀಕ್ಷೆ

ಡುಲೂತ್‌ನಲ್ಲಿ ಜನವರಿಗೆ ಸೊನ್ನೆಯೆಂದರೆ ಬೆಚ್ಚಗಿನ ದಿನ.
ಬಸ್ಸಿಳಿದು ಬರುವ ಮಕ್ಕಳ ರೆಪ್ಪೆಯ ಮೇಲೆ ಮಂಜು,
ಕಿಟಕಿಯಾಚೆ ಥರ್ಮಾಮೀಟರು: ಮೈನಸ್ ಹದಿನೇಳು.
ಊರೇ ಸೊನ್ನೆಯ ಕೆಳಗಿರುವಾಗ
ಋಣಸಂಖ್ಯೆ ಕಲಿಸುವುದು ಸುಲಭ ಅಂದುಕೊಂಡಿದ್ದೆ.

ಪೈಸ್ಲಿ ಕಂಗಾಸ್‌ಗೆ ಇದು ನಾಲ್ಕನೆಯ ಸಲ.
ಅವಳ ಮನೆತನದ ಹೆಸರು ನನ್ನ ಬಾಯಲ್ಲಿ
ಕಂಗಾಲಾಗುವುದಕ್ಕೆ ಒಂದಕ್ಷರ ಬಾಕಿ.
ಶಾಲೆ ಬಿಟ್ಟಿದೆ, ಹೀಟರು ಕೆಮ್ಮುತ್ತಿದೆ,
ಬೂಟು ಕಳಚಿ, ಕಾಲು ಮಡಚಿ ಕೂತು
ಪೆನ್ಸಿಲ್ಲಿನ ತುದಿ ಕಚ್ಚುತ್ತಾಳೆ.
ಪ್ರಶ್ನೆಪತ್ರಿಕೆ ಬೇರೆ, ಗಂಟು ಅದೇ:
ಮೈನಸ್ ಏಳರಿಂದ ಮೈನಸ್ ಮೂರು ಕಳೆ.

ಕಳೆ ಎಂದರೆ ನನ್ನ ಭಾಷೆಯಲ್ಲಿ ಎಷ್ಟೆಲ್ಲ,
ಹೊಲದಲ್ಲಿ ಬೇಡದ್ದು, ಮುಖದಲ್ಲಿ ಬೇಕಾದದ್ದು,
ಹೇಗೋ ನೂಕಿದ ಇರುಳಿಗೂ
ಎಲ್ಲೋ ಬಿದ್ದ ಕೀಲಿಕೈಗೂ ಅದೇ ಕ್ರಿಯಾಪದ.
ಇವಳಿಗೆ ಹೇಳಲು ಇರುವುದು ಸಬ್‌ಟ್ರಾಕ್ಟ್,
ಅದರಲ್ಲಿ ಬೆಳಕೂ ಇಲ್ಲ, ಹುಲ್ಲೂ ಇಲ್ಲ.

ಹೊಸ ನಿಯಮ: ಹೋಮ್‌ವರ್ಕಿಗೆ ಅಂಕವಿಲ್ಲ.
ಚಿಕ್ಕಂದಿನಲ್ಲಿ ಕುಂಟಾಬಿಲ್ಲೆಗೆ ಪುಟ್ಟ ತಂಗಿಯನ್ನು ಸೇರಿಸಿಕೊಂಡು
ಆಟಕ್ಕುಂಟು, ಲೆಕ್ಕಕ್ಕಿಲ್ಲ ಅನ್ನುತ್ತಿದ್ದೆವಲ್ಲ, ಹಾಗೆ.
ಗೆರೆ ತುಳಿದರೂ ಔಟಲ್ಲವೆಂದು
ಅವಳು ನಮಗಿಂತ ಹೆಚ್ಚು ಕುಣಿದಳು.
ಇವರು ಲೆಕ್ಕಕ್ಕಿಲ್ಲ ಅಂದ ಕೂಡಲೆ ಆಟಕ್ಕೂ ಇಲ್ಲ.
ಇಪ್ಪತ್ತಾರರಲ್ಲಿ ಒಂಬತ್ತು ಹಾಳೆ ಬರುತ್ತವೆ,
ಒಂದರ ಮೇಲೆ ಸೂಪಿನ ಕಲೆ.

ಗ್ರೇಡು ಒಂದರಿಂದ ನಾಲ್ಕು.
ಒಂದೆಂದರೆ ಇನ್ನೂ ಇಲ್ಲ, ನಾಲ್ಕೆಂದರೆ ಬರುತ್ತದೆ.
ಎಷ್ಟನೆಯ ಸಲಕ್ಕೆ ಬಂತೆಂದು
ಪುಸ್ತಕ ಕೇಳುವುದಿಲ್ಲ.

ಥಾರ್ಸ್‌ಗಾರ್ಡ್ ಕೇಳಿದ.
ಪೋಷಕರ ಸಂಜೆ, ಬಂದರಿನ ಕೋಟು ತೆಗೆಯದೆ,
ಮಕ್ಕಳ ಕುರ್ಚಿಯಲ್ಲಿ ಮೊಣಕಾಲು ಎದೆಗೆ ತಾಗಿಸಿಕೊಂಡು:
"ನನ್ನ ಮಗ ದಿನಾ ಊಟದ ಮೇಜಿನಲ್ಲಿ ಎಲ್ಲ ಲೆಕ್ಕ ಮಾಡ್ತಾನೆ.
ಮೊದಲ ಸಲಕ್ಕೇ ನಾಲ್ಕು ತಗೊಂಡ.
ನಾಲ್ಕು ಸಲ ಬರೆದೋರಿಗೂ ಅದೇ ನಾಲ್ಕಂತೆ.
ನಾನು ತಡವಾಗಿ ಹೋದರೆ ಹಡಗು ಕಾಯಲ್ಲ, ಮೇಡಂ."
ತರಬೇತಿಯಲ್ಲಿ ಕೊಟ್ಟ ಉತ್ತರ ನಾಲಗೆಯ ಮೇಲಿತ್ತು.
ಹೇಳಲಿಲ್ಲ. ಕಾಫಿ ಬೇಕೇ ಅಂದೆ.

ನನ್ನದೊಂದು ಅಂಕಪಟ್ಟಿ ಟ್ರಂಕಿನಲ್ಲಿ ಈಗಲೂ ಇದೆ.
ಗಣಿತ ಮೂವತ್ತನಾಲ್ಕು. ಪಾಸಿಗೆ ಒಂದು ಕಡಿಮೆ.
ಅಕ್ಟೋಬರಿನಲ್ಲಿ ಮತ್ತೆ ಕೂತು ಎಪ್ಪತ್ತೊಂದು ತೆಗೆದೆ,
ಹೊಸ ಪಟ್ಟಿಯಲ್ಲಿ ಹೆಸರಿನ ಪಕ್ಕ ಪುಟ್ಟದೊಂದು ನಕ್ಷತ್ರ,
ಎರಡನೆಯ ಯತ್ನ ಎಂದು.
ಸಂದರ್ಶನಗಳಲ್ಲಿ ಎಲ್ಲರ ಬೆರಳೂ ಮೊದಲು ಅಲ್ಲಿಗೇ.
ಥಾರ್ಸ್‌ಗಾರ್ಡ್ ಹೇಳಿದ್ದು ತಪ್ಪೆನ್ನಲಾರೆ,
ಆದರೆ ಆ ನಕ್ಷತ್ರಕ್ಕೆ ಈ ಹುಡುಗಿಯ ಪಕ್ಕ
ನಾನಂತೂ ಜಾಗ ಕೊಡಲಾರೆ.

ಪೈಸ್ಲಿ ಬೋರ್ಡಿನ ಮೇಲೆ ಗೆರೆ ಎಳೆದಳು,
ಅಳಿಸಿದಳು, ಕಿಟಕಿಯತ್ತ ನೋಡಿದಳು.
"ಏಳು ಚಳಿ ಇದೆ," ಅಂದಳು ತನಗೇ,
"ಮೂರು ಚಳಿ ತೆಗೆದುಬಿಟ್ಟರೆ ನಾಲ್ಕೇ ಚಳಿ ಉಳಿಯಿತು."
ಚಳಿಯನ್ನು ಹಾಗೆ ಬಿಡಿಬಿಡಿಯಾಗಿ ಎಣಿಸಬಹುದೆಂದು
ಹತ್ತೊಂಬತ್ತು ವರ್ಷ ಕಲಿಸಿದವಳಿಗೆ ಹೊಳೆದಿರಲಿಲ್ಲ.
ಬರೆದೆ: ಮೈನಸ್ ನಾಲ್ಕಕ್ಕೆ ನಾಲ್ಕು.

ಮಾರ್ಚಿನಲ್ಲಿ ಸರೋವರದ ಹೆಪ್ಪು ಒಡೆದು, ಮೊದಲ ಹಡಗು ಹೊರಟು,
ವಾರ ಕಳೆಯುವುದರೊಳಗೆ ನೀರು ಮತ್ತೆ ಗಟ್ಟಿ.
ಸಮೀಕರಣವೊಂದರ ನಡುವೆ ಅದೇ ಏಳು, ಅದೇ ಮೂರು,
ಪೈಸ್ಲಿ ಬರೆದಿದ್ದಾಳೆ: ಮೈನಸ್ ಹತ್ತು.
ಪುಸ್ತಕದಲ್ಲಿ ಅವಳ ನಾಲ್ಕು ಹಾಗೇ ಇದೆ.
ಅಳಿಸಲೇ, ಅಂದು ಬಂದದ್ದು ಸುಳ್ಳಲ್ಲ.
ಇಡಲೇ, ಇಂದು ಹೋದದ್ದೂ ಸುಳ್ಳಲ್ಲ.

ಹಾಳೆಯ ಅಂಚಿನಲ್ಲಿ ಪೆನ್ಸಿಲ್ಲಿನಿಂದ
ಎಷ್ಟು ಚಳಿ? ಎಂದಷ್ಟೇ ಬರೆದು
ಡೆಸ್ಕಿನ ಮೇಲೆ ಬೋರಲು ಹಾಕಿ ಮುಂದೆ ನಡೆದೆ.
ಎರಡು ಸಾಲು ದಾಟಿರಬಹುದು, ಹಿಂದಿನಿಂದ
ಓ ಅನ್ನುವ ಸಣ್ಣ ಸದ್ದು.
ಅವಳದೋ, ಪಕ್ಕದಲ್ಲಿ ಬಗ್ಗಿ ನೋಡುತ್ತಿದ್ದ
ಥಾರ್ಸ್‌ಗಾರ್ಡನ ಮಗನದೋ,
ತಿರುಗಲಿಲ್ಲ.