ಮೆತ್ತನೆ ಗಾರೆ

ಸೇಂಟ್ ಲೂಯಿಸ್‌ನ ದಕ್ಷಿಣಕ್ಕೆ, ಎರಡು ರಸ್ತೆ ಕೂಡುವ ಮೂಲೆಯಲ್ಲಿ
ಮೂರಂತಸ್ತು, ಎಲ್ಲಾ ಇಟ್ಟಿಗೆ.
ಕೆಳಗೆ ಮೂರು ಅಂಗಡಿ: ಎವುಸೇಬಿಯೊನ ಬ್ರೆಡ್ಡು,
ಕ್ಷೌರದ್ದೊಂದು,
ಇನ್ನೊಂದಕ್ಕೆ ಹಲಗೆ ಬಡಿದು ಆರು ವರ್ಷ.
ನಾನು ಬ್ರೆಡ್ಡಿನ ಮೇಲಿನ ಮನೆಯವಳು.
ಬಸ್ ಡಿಪೋದ ಪಾಳಿ ಮುಗಿಸಿ ನಾಲ್ಕಕ್ಕೆ ಬಂದರೆ
ನೆಲ ಆಗಲೇ ಬೆಚ್ಚಗೆ.
ಬೂಟು ಬಿಚ್ಚಿ ಬರಿಗಾಲಲ್ಲಿ ಸುಮ್ಮನೆ ನಿಲ್ಲುತ್ತೇನೆ.
ಬಾಡಿಗೆ ಚೀಟಿಯಲ್ಲಿ ಅದರ ಲೆಕ್ಕವಿಲ್ಲ.

ಈ ಊರು ತನ್ನ ಹೊಟ್ಟೆ ತೋಡಿ
ತನ್ನ ಮೈ ಕಟ್ಟಿಕೊಂಡದ್ದು.
ಬೀದಿಯ ಕೆಳಗಿನ ಜೇಡಿ ಮೇಲೆ ಬಂದು
ಬೆಂದು ಕೆಂಪಾಗಿ
ಬೀದಿಗೇ ಮುಖ ಮಾಡಿ ನಿಂತಿದೆ.

ಮೇ ತಿಂಗಳಲ್ಲಿ ನೆರ್ಮಿನ್ ಬಂದ, ಅಟ್ಟಣೆ ಕಟ್ಟಿದ.
ಬೋಸ್ನಿಯಾದವನು, ಸಿಗರೇಟು ಬಿಟ್ಟವನು,
ಬಿಟ್ಟದ್ದಕ್ಕೆ ಇಡೀ ದಿನ ಬೈಯುವವನು.
ನನ್ನ ಕಿಟಕಿಯ ಕೆಳಗೆ ಯಾವನೋ ಯಾವ ಕಾಲದಲ್ಲೋ
ಮೆತ್ತಿದ್ದ ಸಿಮೆಂಟನ್ನು ಕೆರೆಯುತ್ತ ಹೇಳಿದ:
'ನೋಡು, ಇದು ಗಟ್ಟಿ ಅಂತ ಹಾಕಿದ್ದು.
ಗಟ್ಟಿಯೇ. ಇಟ್ಟಿಗೆಯ ಮುಖ ಕಿತ್ತುಹೋಗಿದೆ.
ಗೋಡೆ ಮಳೆ ಕುಡಿಯುತ್ತೆ, ಬಿಸಿಲಿಗೆ ಉಬ್ಬುತ್ತೆ,
ಯಾರಾದರೂ ಒಬ್ಬರು ಜಾಗ ಬಿಡಬೇಕಲ್ಲ.
ಗಾರೆ ಬಿಡಬೇಕು. ಗಾರೆ ಮೆತ್ತಗಿರಬೇಕು.'
ಸುಣ್ಣವನ್ನು ಉಗುರಲ್ಲಿ ತೆಗೆದು ತೋರಿಸಿದ.
ವೀಳ್ಯದೆಲೆ ಎಲ್ಲಿ ಎಂದು ಕೇಳುವುದೊಂದು ಬಾಕಿ ನನಗೆ.

ಒಂದು ಇಟ್ಟಿಗೆ ಪೂರ್ತಿ ಪುಡಿ. ಬದಲಿಗೆ ಹೊಸದು ತಂದ,
ಕಟ್ಟುಹಲ್ಲಿನ ಹಾಗೆ ಕಂಡಿತು. ತೆಗೆದ.
ಇನ್ನೊಂದು ತಂದ. ಅದನ್ನೂ ತೆಗೆದ, ಬೈದ.

ಮೂರನೇ ಮಹಡಿಯ ಅರ್ನೆಸ್ಟೀನ್ ಟಾಲ್ಬರ್ಟ್
ಕಿಟಕಿಯಿಂದ ಇದನ್ನೆಲ್ಲ ನೋಡುತ್ತಿದ್ದರು.
ಎಂಬತ್ತೊಂದು ವಯಸ್ಸು, ಮಂಡಿ ಎರಡೂ ಸ್ಟೀಲಿನವು.
ಪಕ್ಕದ ಖಾಲಿ ಜಾಗದಲ್ಲಿ ಇಂಥದೇ ಒಂದಿತ್ತಂತೆ,
ಅಲ್ಲಿ ಅವರ ತಂಗಿ ಇದ್ದಳಂತೆ, ಸತ್ತ ಮೇಲೆ ಬೀಗ.
ಒಂದು ರಾತ್ರಿ ಕಳ್ಳರು ಬೆಂಕಿ ಇಟ್ಟರು.
ಬೆಂಕಿ ಆರಿಸಲು ಬಂದ ನೀರೇ
ಗಾರೆಯನ್ನು ತೊಳೆದುಕೊಟ್ಟಿತು ಅವರಿಗೆ.
ವಾರದಲ್ಲಿ ಮನೆ ಹಲಗೆಗಳ ಮೇಲೆ ಅಡುಕಾಗಿ
ಲಾರಿ ಹತ್ತಿತು.
'ನನ್ನ ತಂಗಿಯ ಅಡುಗೆಮನೆ
ಈಗ ಟೆಕ್ಸಸ್‌ನಲ್ಲಿ ಯಾರದೋ ಅಂಗಳ,'
ಎಂದು ಹೇಳಿ ನಗುತ್ತಾರೆ, ನಗು ಅರ್ಧಕ್ಕೆ ನಿಲ್ಲುತ್ತದೆ.

ಅಂದು ಸಂಜೆ ಮೆಟ್ಟಿಲ ಮೇಲೆ ಸದ್ದು,
ಒಂದು ಹೆಜ್ಜೆ, ಒಂದು ಉಸಿರು, ಒಂದು ಹೆಜ್ಜೆ.
ದಿಂಬಿನ ಚೀಲದಲ್ಲಿ ಮಗುವನ್ನು ಎತ್ತಿಕೊಂಡ ಹಾಗೆ
ಇಟ್ಟಿಗೆ. ಬಾಗಿಲಿಗೆ ಆನಿಸುತ್ತಿದ್ದದ್ದು.
ಒಂದು ಮಗ್ಗುಲಲ್ಲಿ ತಿಳಿ ಹಸಿರು ಬಣ್ಣ, ಎಣ್ಣೆಯ ಕಲೆ.
ನೆರ್ಮಿನ್ ತಿರುಗಿಸಿ ನೋಡಿದ, ಬೆರಳಿಂದ ತಟ್ಟಿದ,
ಕಿವಿಗಿಟ್ಟ. 'ಇದೇ ಒಲೆಯದ್ದು,' ಅಂದ.
'ಹಸಿರು ಒಳಕ್ಕೆ ಬರಲಿ,' ಅಂದರು ಅವರು.
ಅಷ್ಟೇ ಅಂದದ್ದು.
ಅವನು ಇಟ್ಟಿಗೆಯನ್ನು ನೀರಲ್ಲಿ ನೆನೆಸಿ,
ಸುಣ್ಣ ಬಳಿದು, ತುಂಬ ಹೊತ್ತು ತೆಗೆದುಕೊಂಡು
ಒಳಗೆ ತಳ್ಳಿದ.

ಬೀದಿಯಿಂದ ನೋಡಿದರೆ ಯಾವುದು ಎಂದು
ಈಗ ನನಗೂ ಗೊತ್ತಾಗುವುದಿಲ್ಲ.
ಎರಡು ಸಲ ಎಣಿಸಿ ತಪ್ಪಿದ್ದೇನೆ.

ಆದರೆ ಗಾಳಿ ಬಂದಾಗಲೆಲ್ಲ
ಮೇಲಿನ ಬಾಗಿಲು ದಬಾರ್ ಅನ್ನುತ್ತದೆ,
ಪಾಳಿಯವಳ ಹಗಲು ನಿದ್ದೆ ಹಾಳು.
ಎವುಸೇಬಿಯೊಗೆ ಹೇಳಿದೆ.
ಮೂರು ದಿನದ ಹಳೆ ಬ್ರೆಡ್ಡೊಂದನ್ನು ಕೈಗಿಟ್ಟ:
'ಇದನ್ನು ಆನಿಸಲಿ, ಕಲ್ಲಿಗೇನೂ ಕಮ್ಮಿಯಿಲ್ಲ.'
ಕಾಗದದಲ್ಲಿ ಸುತ್ತಿಕೊಂಡು ಮೆಟ್ಟಿಲು ಹತ್ತುತ್ತಿದ್ದೇನೆ.