ದಬ್ಬಳ

ಹೊಸ ಕಾಯ್ದೆಯ ಹಾಳೆ ಸೋಮವಾರ ಬಂತು.
ಠಾಣೆಯ ಪೇದೆ ಬೈಕಿನಿಂದ ಇಳಿಯದೆಯೇ ಕೊಟ್ಟ.
ಮ್ಯಾನೇಜರ್ ಕೊಟ್ರಬಸಪ್ಪ ಕನ್ನಡಕ ಹುಡುಕುವಷ್ಟರಲ್ಲಿ
ನಾನೇ ಓದಿದೆ ಗಟ್ಟಿಯಾಗಿ,
ಗಿರಣಿ ಮುಚ್ಚಿದ ದಿನ ಗೇಟಿಗೆ ಅಂಟಿಸಿದ್ದ ನೋಟೀಸು ಓದಿದ ಹಾಗೆ.

ಒಂದನೇ ಕಲಮು: ಹದಿನೆಂಟು ತುಂಬದವರ ಎದುರು
ಅಶ್ಲೀಲ ಮಾತು, ಅಶ್ಲೀಲ ಕುಣಿತ ಕೂಡದು.
ಇದಕ್ಕೆ ನನ್ನ ತಕರಾರಿಲ್ಲ, ಸುಳ್ಳು ಯಾಕೆ ಹೇಳಲಿ.
ಹಾಸ್ಯದ ಹಾಲೇಶಿ ಬದನೆಕಾಯಿ ಕೈಗೆ ತಗೊಂಡನೆಂದರೆ
ತಂಗಿಯ ಮಗಳ ಮುಖ ನಾನೇ ಆಚೆ ತಿರುಗಿಸಿದ್ದೇನೆ.
ಅವನು ತೊಡುವುದು ಪ್ಯಾಂಟು, ಶರ್ಟು, ಮೇಲೊಂದು ಟೈ.

ಎರಡನೇ ಕಲಮು: ಗಂಡಸು ಹೆಣ್ಣುಡುಗೆ ಉಟ್ಟು
ಮಕ್ಕಳ ಎದುರು ರಂಗಕ್ಕೆ ಬರಕೂಡದು.
ಇಲ್ಲಿ ಸುಮ್ಮನೆ ಕೆಮ್ಮಿದೆ.
ನೀರಿನ ಡ್ರಮ್ಮಿನ ಹತ್ತಿರ ಗುಡ್ಡಪ್ಪ ಮೇಷ್ಟ್ರು
ಗಡ್ಡ ಹೆರೆದುಕೊಳ್ಳುತ್ತಿದ್ದರು.
ರೇಜರು ನಿಲ್ಲಲಿಲ್ಲ.
ಎಡಗೆನ್ನೆ ಮುಗಿಸಿ ಬಲಗೆನ್ನೆಗೆ ಬಂತು.

ನಲವತ್ತೊಂದು ವರ್ಷದ ರಾಣಿ.
ಮಂಡಿಪೇಟೆಯ ಬಳೆಗಾರ ಅವರ ಅಳತೆ ಕೇಳುವುದಿಲ್ಲ,
ಎರಡು-ಹತ್ತು, ಹಸಿರು, ಒಂದು ಡಜನ್.
ಹಗಲು ಲುಂಗಿ, ಬೀಡಿ, ಮಿರ್ಚಿ ಕಚ್ಚಿಕೊಂಡು ಮಂಡಕ್ಕಿ.
ರಾತ್ರಿ ಹತ್ತಕ್ಕೆ ಅವರು ಸೆರಗು ಸರಿ ಮಾಡಿಕೊಂಡರೆ
ಮುಂದಿನ ಸಾಲಿನ ಹೆಂಗಸರು
ತಮಗೆ ಗೊತ್ತಿಲ್ಲದೆ ತಮ್ಮದನ್ನು ಮುಟ್ಟಿ ನೋಡಿಕೊಳ್ಳುತ್ತಾರೆ.
ಇದು ಯಾವ ಕಲಮಿಗೆ ಬರುತ್ತದೋ.

ಅವರ ನೆರಿಗೆಗೆ ಪಿನ್ನು ಹಾಕುವವಳು ಮೊಮ್ಮಗಳು ಸಿಂಚನ.
ವಯಸ್ಸು ಒಂಬತ್ತು. ತಾಯಿ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಆಯಾ,
ಹಾಗಾಗಿ ಈ ಕೂಸಿಗೆ ಬಣ್ಣದ ಕೋಣೆಯೇ ಮನೆ.
ಜಡೆ ಹೆಣೆಯಲು ಕಲಿಸಿದ್ದೂ ಅಜ್ಜನೇ,
ತನ್ನ ಸವರಿ ಬಿಚ್ಚಿ ಮಡಿಲಲ್ಲಿಟ್ಟುಕೊಂಡು.
"ಪರದೆ ಹಿಂದೆ ನಿಂತ್ರೆ
ಎದುರು ಅಂತಾರಾ, ಹಿಂದೆ ಅಂತಾರಾ ಮಾವ?"
ನಾನು ಹಾಳೆ ತಿರುಗಿಸಿ ನೋಡಿದೆ. ಹಿಂಬದಿ ಖಾಲಿ.

ಸಂಜೆ ನನಗೆ ಎರಡು ಕೆಲಸ ಬಂತು.
ಗೇಟಿನಲ್ಲಿ ಆಧಾರ್ ನೋಡುವುದು,
ಮೀಸೆ ಚಿಗುರುವವರನ್ನು ಅನುಮಾನದಿಂದ ನೋಡುವುದು ಒಂದು.
ಇನ್ನೊಂದಕ್ಕೆ ದಬ್ಬಳ, ಸುತಳಿ ಕೊಟ್ಟು ಮ್ಯಾನೇಜರ್ ಅಂದ:
"ಡೇರೆ ಅಂಚಿನ ಹರಕು ಎಲ್ಲಾ ಹೊಲಿ.
ಒಂದು ಹುಡುಗನ ಮೂಗು ಒಳಗೆ ಬಂದ್ರೂ
ಲೈಸೆನ್ಸು ಹೋಗ್ತದೆ."

ಹರಕು ಎಲ್ಲೆಲ್ಲಿ ಅಂತ ನನಗೆ ಯಾರೂ ಹೇಳಬೇಕಿಲ್ಲ.
ನನ್ನ ಹತ್ತನೇ ವಯಸ್ಸಿನಲ್ಲಿ, ಇದೇ ಬಯಲು,
ರಾತ್ರಿ ಪಾಳಿಯ ಸೈರನ್ ಕೂಗಿದ ಮೇಲೆ
ಹೊಟ್ಟೆ ಮಣ್ಣಿಗೆ ಹಚ್ಚಿ ಮಲಗಿ ನೋಡಿದವನು ನಾನು.
ಕಂಡದ್ದು ರಾಣಿಯ ಪಾದ ಮಾತ್ರ.
ಗೆಜ್ಜೆ, ಅಲ್ತಾ, ಒಡೆದ ಹಿಮ್ಮಡಿ,
ಥೇಟ್ ನಮ್ಮಪ್ಪನ ಹಿಮ್ಮಡಿ.
ಗಾಬರಿಯಾಗಲಿಲ್ಲ.
ಅಪ್ಪನಿಗೂ ಇಷ್ಟು ಚೆಂದ ನಡೆಯಲು ಬರಬಹುದೇನೋ
ಅಂತ ಅವತ್ತು ಅನ್ನಿಸಿತ್ತು. ಯಾರಿಗೂ ಹೇಳಿಲ್ಲ.

ಹೊಲಿದೆ. ಸಂಬಳ ತಗೊಳ್ಳುವವನು, ಎಲ್ಲವನ್ನೂ ಹೊಲಿದೆ.
ಬಣ್ಣದ ಕೋಣೆಯ ಬದಿಗೆ ಬಂದಾಗ
ಬಟ್ಟೆಯ ಆಚೆ ಮೇಷ್ಟ್ರ ದನಿ: "ಮೆಲ್ಲಗಮ್ಮಾ, ಚುಚ್ಚೀತು."
ನನಗೋ, ಪಿನ್ನಿಗೋ, ಗೊತ್ತಾಗಲಿಲ್ಲ.
ಪೇದೆ ಬಂದು ಕೇಳಿದರೆ ಏನು ಹೇಳಲಿ ಅಂತ
ಯೋಚಿಸುತ್ತಾ ಗಂಟು ಹಾಕಿದೆ.

ಆಟ ಶುರುವಾಯಿತು. ಡೇರೆಯಲ್ಲಿ ಅರ್ಧ ಕುರ್ಚಿ ಖಾಲಿ.
ಮಕ್ಕಳನ್ನು ಬಿಟ್ಟು ಯಾವ ತಾಯಿ ಬಂದಾಳು?
ಆದರೆ ದನಿಗೆ ಹೊಲಿಗೆ ಹಾಕುವುದು ಹೇಗೆ.
ಎರಡನೇ ಅಂಕಕ್ಕೆ ರಾಣಿಯ ಅಳು ಬಟ್ಟೆ ದಾಟಿ
ಕಬ್ಬಿನಹಾಲಿನ ಗಾಡಿಯವರೆಗೂ ಬಂತು.
ಅಲ್ಲಿ ಕತ್ತಲಲ್ಲಿ ಏಳೆಂಟು ಹುಡುಗರು.
ಒಬ್ಬ ಟವೆಲ್ಲನ್ನು ತಲೆ ಮೇಲೆ ಸೆರಗು ಹೊದ್ದು,
ಸೊಂಟಕ್ಕೆ ಕೈ ಕೊಟ್ಟು,
ಮೇಷ್ಟ್ರಿಗಿಂತ ಒಂದು ಮಾತು ಮುಂದೆಯೇ ಇದ್ದ.

ದಬ್ಬಳ ಇನ್ನೂ ಕೈಯಲ್ಲೇ ಇತ್ತು.
ಗದರಿಸಿದೆ, ಗದರಿಸಬೇಕಲ್ಲ,
"ಏ, ವಯಸ್ಸೆಷ್ಟಲೇ?"

ಅವನು ಸೆರಗು ತೆಗೆಯಲಿಲ್ಲ.
"ಯಾರ್ದು ಕಾಕಾ," ಅಂದ,
"ರಾಣೀದಾ, ನಂದಾ?"