ಕೆಂಪು ಬಾಣ

ನನ್ನ ಕೆಲಸ ತಪ್ಪು ಹುಡುಕುವುದು.
ಗೌರಿಬಿದನೂರಿನ ಬೈಪಾಸಿನಾಚೆ, ಶೀಟಿನ ಮಾಡಿನ ಕೆಳಗೆ,
ಬಂದ ಅಂಗಿಯನ್ನು ಟ್ಯೂಬ್‌ಲೈಟಿಗೆ ಹರವಿ
ಕಾಲರು, ಕಂಕುಳು, ಕಾಜ, ಕೆಳಗಿನ ಮಡಿಕೆ
ಬೆರಳಲ್ಲೇ ಓದಿಕೊಂಡು ಹೋಗಿ
ಹೊಲಿಗೆ ಎಲ್ಲಿ ಹಾರಿದೆಯೋ ಅಲ್ಲಿ
ಅಕ್ಕಿಕಾಳಿನಷ್ಟು ಕೆಂಪು ಬಾಣ ಅಂಟಿಸುವುದು.
ಗಂಟೆಗೆ ತೊಂಬತ್ತು.
ಎಂಬತ್ತೊಂಬತ್ತಾದರೆ ಆ ತಪ್ಪಿಗೆ ಬಾಣ ಬೇಡ,
ಸೂಪರ್‌ವೈಸರ್ ಬಾಯಿ ಸಾಕು.

ಮಂಚೇನಹಳ್ಳಿ ಕಡೆಯ ವ್ಯಾನಿಗೆ ಹದಿನಾಲ್ಕು ಸೀಟು,
ನಾವು ಮೂವತ್ತೊಂದು ಜನ.
ಅಲುವೇಲು ನಿಂತೇ ನಿದ್ದೆ ತೆಗೆಯುತ್ತಾಳೆ,
ನನ್ನ ಹೆಗಲೇ ಅವಳಿಗೆ ದಿಂಬು.
ಎಡತೋಳು ಕೂಡಿಸುವವಳು ಅವಳು. ಏಳು ವರ್ಷ, ಬರೀ ಎಡತೋಳು.
ಬಲತೋಳು ಶಾಹೀನಳ ಪಾಲು.
"ನಿನ್ನ ಗಂಡನಿಗೊಂದು ಅಂಗಿ ಹೊಲಿದುಕೊಡೇ" ಅಂದರೆ
ತೆಲುಗಿನಲ್ಲಿ ಬೈದು ಕನ್ನಡದಲ್ಲಿ ನಗುತ್ತಾಳೆ:
"ಎಡಗೈ ಮುಚ್ತೀನಿ, ಮಿಕ್ಕಿದ್ದಕ್ಕೆ ಟವಲ್ ಹೊದ್ಕೊಳ್ಳಲಿ."

ಹನ್ನೊಂದರವರೆಗೆ ಯಾರೂ ನೀರು ಕುಡಿಯುವುದಿಲ್ಲ.
ಕುಡಿದರೆ ಹೋಗಬೇಕು,
ಹೋದರೆ ಆರು ನಿಮಿಷ,
ಆರು ನಿಮಿಷ ಅಂದರೆ ಒಂಬತ್ತು ಅಂಗಿ.
ಮಗ್ಗಿ ಮರೆತ ನನಗೆ ಇದು ಮರೆಯುವುದಿಲ್ಲ.

ವರ್ಷಕ್ಕೆ ಆರು ಋತು ಅಂತ ನಾಲ್ಕನೇ ಕ್ಲಾಸಿನಲ್ಲಿ ಓದಿದ್ದೆ.
ಈ ಅಂಗಿ ಹೋಗುವ ಊರಿನಲ್ಲಿ
ವಾರಕ್ಕೊಂದು ಬರುತ್ತದಂತೆ.
ಹೋದ ವಾರದ ಹಳದಿ ಈ ವಾರಕ್ಕೆ ಹಳಸಿತು.
ಅನ್ನವಾದರೂ ರಾತ್ರಿ ಕಳೆದು ಚಿತ್ರಾನ್ನವಾಗುತ್ತದೆ.
ನಮ್ಮಜ್ಜಿಯ ಒಂದು ಸೀರೆ ಸಾಯಲು
ಹದಿನೆಂಟು ವರ್ಷ ಹಿಡಿಯಿತು:
ತೊಟ್ಟಿಲಾಗಿ, ರಾಗಿಹಿಟ್ಟಿನ ಜರಡಿಯಾಗಿ,
ಪಾತ್ರೆ ಇಳಿಸುವ ಮಸಿಬಟ್ಟೆಯಾಗಿ,
ಕೊನೆಗೆ ಬತ್ತಿಯಾಗಿ, ಎಣ್ಣೆ ಕುಡಿದು ಹೋಯಿತು.

ಪಕ್ಕದ ಶೆಡ್ಡಿನಲ್ಲಿ ಹೊಸ ಪ್ಯಾಂಟನ್ನು ಹಳೆಯದು ಮಾಡುತ್ತಾರೆ.
ಕಲ್ಲು ಹಾಕಿ ತಿರುಗಿಸಿ, ಮೊಣಕಾಲ ಹತ್ತಿರ ಉಜ್ಜಿ,
ಯಾರೋ ಹತ್ತು ವರ್ಷ ದುಡಿದು ಸವೆಸಿದ ಹಾಗೆ.
ಅದಕ್ಕೆ ನೀರು ಸಾವಿರದ ನಾನೂರು ಅಡಿಯಿಂದ ಬರುತ್ತದೆ,
ಅಷ್ಟು ಕೆಳಗೆ ಇದ್ದದ್ದು ಯಾರ ಕಾಲದ ಮಳೆಯೋ.
ಪಿನಾಕಿನಿ ಅನ್ನುತ್ತಾರಲ್ಲ, ಆ ಒಣಗಿದ ಗುಂಡಿಯಲ್ಲಿ
ಈಗ ಒಂದು ಗೆರೆ ಹರಿಯುತ್ತದೆ, ನೀಲಿ.
ಅದರಲ್ಲಿ ನಿಂತು ಬಂದ ಎಮ್ಮೆಗೆ ಮೊಣಕಾಲವರೆಗೆ ಜೀನ್ಸ್.
ನಕ್ಕೆವು.
ಅದರ ಹಾಲೂ ಡೇರಿಗೇ ಬರುತ್ತದೆ ಅಂತ
ಆಮೇಲೆ ನೆನಪಾಯಿತು.

ಬಾಣಗಳು ನನ್ನ ಜೊತೆ ಮನೆಗೆ ಬರುತ್ತವೆ,
ಸೆರಗಿಗೆ, ಮೊಣಕೈಗೆ, ಊಟದ ಡಬ್ಬಿಯ ತಳಕ್ಕೆ ಅಂಟಿ.
ಮಗಳು ಹಂಸವೇಣಿ ಒಂದೊಂದೇ ಕೀಳುತ್ತಾಳೆ.
ಗೋಡೆಯ ಬಿರುಕಿಗೊಂದು.
ಒಂಬತ್ತು ದಿನಕ್ಕೊಮ್ಮೆ ಕೆಮ್ಮುವ ನಲ್ಲಿಗೊಂದು.
ಅಪ್ಪನ ಫೋಟೋಕ್ಕೂ ಒಂದು ಅಂಟಿಸಿ
ನನ್ನ ಮುಖ ನೋಡಿ, ತಾನೇ ಕಿತ್ತಳು.
ರಾತ್ರಿ ಬೋರಲು ಮಲಗಿ "ಬೆನ್ನು ತುಳಿಯೇ" ಅಂದೆ.
"ಎಲ್ಲಿ?" "ಅಲ್ಲಲ್ಲ, ಇನ್ನೂ ಕೆಳಗೆ. ಹ್ಞಾ, ಅಲ್ಲಿ."
ನಾಳೆ ಮತ್ತೆ ಹುಡುಕುವುದು ಬೇಡವೆಂದು
ಅಲ್ಲೊಂದು ಅಂಟಿಸಿಬಿಟ್ಟಳು.

ಬೆಳಿಗ್ಗೆ ಸ್ನಾನದ ನೀರಿಗೂ ಅದು ಬಿಡಲಿಲ್ಲ.
ಲೈನಿನಲ್ಲಿ ಶಾಹೀನ್ ನೋಡಿ ಕೂಗಿದಳು:
"ಅಕ್ಕಾ, ನಿನ್ನನ್ನ ಯಾರು ಆಲ್ಟರೇಶನ್ನಿಗೆ ಹಾಕಿದ್ದು?"
ಇಡೀ ಲೈನು ನಕ್ಕಿತು, ನಾನೂ.
ಯಾವ ಮಿಷನ್ನೂ ನಿಲ್ಲಲಿಲ್ಲ.

ಮೂರರ ಹೊತ್ತಿಗೆ ಒಂದು ಅಂಗಿ.
ಎಡ ಕಂಕುಳಿನ ಹೊಲಿಗೆಯೊಳಗೆ ಸಿಕ್ಕಿಕೊಂಡಿದೆ
ಒಂದು ಉದ್ದ ಕೂದಲು,
ತುದಿಗೆ ಮೆಹಂದಿ ಕೆಂಪು, ಬುಡಕ್ಕೆ ಬಿಳಿ.
ಅಲುವೇಲುಗೆ ಇನ್ನೂ ಮೂವತ್ತೆರಡು.
ರೂಲಿನ ಪ್ರಕಾರ ಬಿಚ್ಚಬೇಕು, ಕೀಳಬೇಕು, ಮತ್ತೆ ಹೊಲಿಯಬೇಕು,
ಅವಳ ಹೆಸರಿನ ಮುಂದೆ ಒಂದು ಗೀಟು.
ಬಾಣ ಉಗುರಿನ ತುದಿಯಲ್ಲಿತ್ತು.
ಅದನ್ನು ಮೇಜಿನ ಅಡಿಗೆ ಅಂಟಿಸಿ
ಅಂಗಿ ಮಡಚಿ ಪಾಸು ಮಾಡಿದೆ.

ಯಾರೋ ತೊಡುತ್ತಾರೆ, ಎರಡೋ ಮೂರೋ ಸಲ.
ಕಂಕುಳಲ್ಲಿ ಏನೋ ಚುಚ್ಚಿದ ಹಾಗಾಗಿ
ಬಸ್ಸಿನಲ್ಲಿ, ಮದುವೆಯಲ್ಲಿ, ಎಲ್ಲೋ
ಕೈ ಹಾಕಿ ತುರಿಸಿಕೊಳ್ಳುತ್ತಾರೆ.
ತುರಿಸಿಕೊಳ್ಳಲಿ.